ಚಂದ್ರನ ಮೇಲೊಂದು ಸುಳ್ಳು ಆರೋಪ



“ಅಷ್ಟು ದೊಡ್ಡ ಕಡಲನ್ನೇ ಎಳೆದೆತ್ತುವ ಚಂದ್ರನಿಗೆ ಮುಕ್ಕಾಲು ಪಾಲು ನೀರಿನಿಂದಲೇ ಆದ ಮನುಷ್ಯದೇಹ ಯಾವ ಲೆಕ್ಕ? ಆದುದರಿಂದಲೇ ಅಮಾವಾಸ್ಯೆ ಹುಣ್ಣಿಮೆಗಳಂದು ಮನಸ್ಸು ಕೆರಳುತ್ತದೆ. ಇದು ಶುದ್ಧ ವಿಜ್ಞಾನ!” ಈ ಮಾತನ್ನು ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ದೂರದರ್ಶನದ ಪರದೆಯ ಮೇಲೆ ಕೇಳಿದ್ದೇನೆ, ನೀವು ಕಳುಹಿಸುವ ಮೊಬೈಲ್ ಸಂದೇಶಗಳಲ್ಲಿಯೂ ಓದಿದ್ದೇನೆ. ಹೇಳುವವರಲ್ಲಿ ನನ್ನ ತರಗತಿಯಲ್ಲಿಯೇ ಗುರುತ್ವಾಕರ್ಷಣೆಯ ಪಾಠ ಓದಿ ನೂರಕ್ಕೆ ತೊಂಬತ್ತು ಅಂಕ ಗಳಿಸಿದವರೂ ಉಂಟು. ಆದುದರಿಂದ ಇದನ್ನು ಖಂಡಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲು ಮೂಲಸೂತ್ರವನ್ನು ನೆನಪಿಸಿಕೊಳ್ಳೋಣ. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ನ್ಯೂಟನ್ ಪ್ರತಿಪಾದಿಸಿದ ನಿಯಮವಿಷ್ಟೆ: ವಿಶ್ವದ ಪ್ರತಿಯೊಂದು ವಸ್ತುವೂ ಇನ್ನೊಂದನ್ನು ಆಕರ್ಷಿಸುತ್ತದೆ, ಆ ಬಲವು ಎರಡರ ದ್ರವ್ಯರಾಶಿಗಳ ಗುಣಲಬ್ಧಕ್ಕೆ ಅನುಲೋಮವಾಗಿಯೂ ಅಂತರದ ವರ್ಗಕ್ಕೆ ವಿಲೋಮವಾಗಿಯೂ ಇರುತ್ತದೆ. ಈ ವಾಕ್ಯದಲ್ಲಿ ‘ನೀರು’ ಎಂಬ ಶಬ್ದ ಎಲ್ಲಿದೆ? ಒಂದು ಕಿಲೋ ನೀರನ್ನು ಎಷ್ಟು ಬಲದಿಂದ ಎಳೆಯುವನೋ, ಅಷ್ಟೇ ದೂರದಲ್ಲಿರುವ ಒಂದು ಕಿಲೋ ಕಲ್ಲನ್ನೂ ಚಂದ್ರನು ಅಷ್ಟೇ ಬಲದಿಂದ ಎಳೆಯುತ್ತಾನೆ. ನಾವು ನಿಂತ ಗಟ್ಟಿನೆಲವೂ ಚಂದ್ರಸೂರ್ಯರ ಪ್ರಭಾವದಿಂದ ಸುಮಾರು 30 ಸೆಂಟಿಮೀಟರಿನಷ್ಟು ಏರಿ ಇಳಿಯುತ್ತದೆ. ಎಲ್ಲವೂ ಒಟ್ಟಿಗೆ ಏರಿಳಿಯುವುದರಿಂದ ನಮಗದು ತಿಳಿಯುವುದಿಲ್ಲ. ಹೀಗಿರುವಾಗ ದೇಹದಲ್ಲಿ ನೀರೆಷ್ಟು ಎಂಬ ಪ್ರಶ್ನೆಯೇ ಅಪ್ರಸ್ತುತ.

ಎರಡನೆಯದಾಗಿ, ಉಬ್ಬರಕ್ಕೆ ಕಾರಣ ಸೆಳೆತವಲ್ಲ, ಸೆಳೆತದಲ್ಲಿನ ವ್ಯತ್ಯಾಸ. ಚಂದ್ರನು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಭೂಮಿಯ ವ್ಯಾಸ ಸುಮಾರು 12,700 ಕಿಲೋಮೀಟರ್. ಹೀಗಾಗಿ ಚಂದ್ರನಿಗೆ ಎದುರಾಗಿರುವ ಭಾಗದ ಮೇಲೆ ಅವನ ಸೆಳೆತ ಭೂಕೇಂದ್ರದಲ್ಲಿರುವುದಕ್ಕಿಂತ ಶೇಕಡಾ 3ರಷ್ಟು ಹೆಚ್ಚು. ಹಿಂಬದಿಯಲ್ಲಿ ಸುಮಾರು ಅಷ್ಟೇ ಕಡಿಮೆ. ಎದುರುಬದಿಯ ನೀರು ಭೂಮಿಗಿಂತ ಮುಂದಕ್ಕೆ ಸೆಳೆಯಲ್ಪಡುತ್ತದೆ, ಹಿಂಬದಿಯ ನೀರು ಭೂಮಿಗಿಂತ ಹಿಂದುಳಿಯುತ್ತದೆ. ಆದುದರಿಂದ ಉಬ್ಬು ಒಂದಲ್ಲ, ಎರಡು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ, ಸುಮಾರು 12 ಗಂಟೆ 25 ನಿಮಿಷಗಳ ಅಂತರದಲ್ಲಿ, ಭರತ ಬರುವುದಕ್ಕೆ ಇದೇ ಕಾರಣ.

ಬರಿಯ ಸೆಳೆತವೇ ಮುಖ್ಯವಾಗಿದ್ದರೆ ಏನಾಗುತ್ತಿತ್ತು? ಸೂರ್ಯನ ದ್ರವ್ಯರಾಶಿ ಚಂದ್ರನ 2.7 ಕೋಟಿ ಪಟ್ಟು; ದೂರ 390 ಪಟ್ಟು. ದೂರದ ವರ್ಗದಿಂದ ಭಾಗಿಸಿ ನೋಡಿ: ಭೂಮಿಯ ಮೇಲೆ ಸೂರ್ಯನ ಸೆಳೆತ ಚಂದ್ರನದಕ್ಕಿಂತ ಸುಮಾರು 178 ಪಟ್ಟು ಹೆಚ್ಚು! ಆದರೆ ಸೆಳೆತದ ವ್ಯತ್ಯಾಸವು ದೂರದ ಘನಕ್ಕೆ ವಿಲೋಮ. ಇನ್ನೊಮ್ಮೆ 390ರಿಂದ ಭಾಗಿಸಿದರೆ ಉಳಿಯುವುದು 0.46. ಅಂದರೆ ಉಬ್ಬರ ತರುವುದರಲ್ಲಿ ಸೂರ್ಯನ ಪಾಲು ಚಂದ್ರನದರ ಅರ್ಧಕ್ಕಿಂತಲೂ ಕಡಿಮೆ. ಸೆಳೆತದಿಂದಲೇ ಮನಸ್ಸು ಕೆರಳುವುದಾದರೆ ಪ್ರತಿ ಮಧ್ಯಾಹ್ನವೂ ನಾವೆಲ್ಲ ಹುಚ್ಚರಾಗಬೇಕಿತ್ತು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಚಂದ್ರನು ಈ ವ್ಯತ್ಯಾಸದಿಂದ ನೀರಿನ ತೂಕವನ್ನು ಕಡಿಮೆ ಮಾಡುವುದು ಹೆಚ್ಚೆಂದರೆ 90 ಲಕ್ಷದಲ್ಲಿ ಒಂದು ಪಾಲು. ಇಷ್ಟರಿಂದ ಕಡಲು ಮೇಲೇಳದು. ಸಾವಿರಾರು ಕಿಲೋಮೀಟರ್ ವಿಸ್ತಾರದ ಸಾಗರದಲ್ಲಿ ನೀರು ಅಡ್ಡಡ್ಡಲಾಗಿ ಸರಿದು ಒಂದೆಡೆ ಕೂಡಿಕೊಳ್ಳುವುದರಿಂದ ಉಬ್ಬು ಉಂಟಾಗುತ್ತದೆ. ತೀರದ ಆಕಾರವು ಅದನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಅದೇ ಚಂದ್ರ, ಅದೇ ಅರಬ್ಬೀ ಸಮುದ್ರ. ಆದರೂ ಮಂಗಳೂರಿನಲ್ಲಿ ಏರಿಳಿತ 1.5 ಮೀಟರಿನ ಆಸುಪಾಸಿನಲ್ಲಿದ್ದರೆ, ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ 10 ಮೀಟರಿನ ಸಮೀಪಕ್ಕೆ ಹೋಗುತ್ತದೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಅದು 16 ಮೀಟರ್‌ವರೆಗೂ ಉಂಟು. ಅತ್ತ ಉತ್ತರ ಅಮೆರಿಕದ ಮಹಾಸರೋವರಗಳಂತಹ ವಿಶಾಲ ಜಲರಾಶಿಯಲ್ಲಿಯೂ ಉಬ್ಬರ 5 ಸೆಂಟಿಮೀಟರ್ ಮೀರುವುದಿಲ್ಲ. ನಿಮ್ಮೂರ ಕೆರೆ ಹುಣ್ಣಿಮೆಯಂದು ಕೋಡಿ ಬಿದ್ದುದನ್ನು ಕಂಡಿದ್ದೀರಾ? ದೇವರ ಮುಂದಿಟ್ಟ ಚೆಂಬಿನ ನೀರು ಉಕ್ಕಿತೇ? ಚೆಂಬಿನಲ್ಲಿ ಆಗದ್ದು ತಲೆಬುರುಡೆಯಲ್ಲಿ ಹೇಗಾದೀತು?

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವನ್ನೇ ಕೊಡುತ್ತೇನೆ. 60 ಕಿಲೋ ತೂಕದ ವ್ಯಕ್ತಿಯ ತಲೆಗೂ ಪಾದಕ್ಕೂ ನಡುವೆ ಚಂದ್ರನು ಉಂಟುಮಾಡುವ ವ್ಯತ್ಯಾಸವು, ಒಂದು ಗ್ರಾಮನ್ನು 100 ಕೋಟಿ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿನ ತೂಕಕ್ಕೆ ಸಮ. ಒಂದು ಮೀಟರ್ ದೂರದಲ್ಲಿ ಕುಳಿತ ನಿಮ್ಮ ಪತ್ನಿಯೋ ಪತಿಯೋ ಬೀರುವ ಇದೇ ಬಗೆಯ ಪ್ರಭಾವ ಚಂದ್ರನದಕ್ಕಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು! ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದೆಂದರೆ ಇದೇ.

“ಹೋಗಲಿ ಬಿಡಿ ಮೇಷ್ಟ್ರೇ, ನಂಬಿದರೆ ನಷ್ಟವೇನು?” ಎನ್ನುವವರಿದ್ದಾರೆ. ನಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ವಿದ್ಯಾರ್ಥಿಯೊಬ್ಬನ ತಾಯಿಗೆ ಮನೋವ್ಯಾಧಿ ತಗಲಿತ್ತು. “ಅಮಾವಾಸ್ಯೆ ಕಳೆದರೆ ಸರಿಹೋಗುತ್ತದೆ” ಎಂದು ಮನೆಯವರು ಮೂರು ವರ್ಷ ಅಮಾವಾಸ್ಯೆಗಳನ್ನು ಎಣಿಸಿದರು. ಕೊನೆಗೆ ವೈದ್ಯರ ಬಳಿಗೆ ಕರೆದೊಯ್ದಾಗ ಕೆಲವೇ ತಿಂಗಳ ಔಷಧೋಪಚಾರದಿಂದ ಆ ತಾಯಿ ಚೇತರಿಸಿಕೊಂಡರು. ಆದರೆ ಅಷ್ಟರಲ್ಲಿ ಹುಡುಗ ಶಾಲೆ ಬಿಟ್ಟಾಗಿತ್ತು. ಆ ಮನೆಯಲ್ಲಿ ಅಕ್ಷರ ಬಾರದವರು ಯಾರೂ ಇರಲಿಲ್ಲ. ‘ಕಡಲನ್ನೇ ಎಳೆಯುವ ಚಂದ್ರ’ ಎಂಬ ವಾದವನ್ನು ನನಗೆ ವಿವರಿಸಿದವರು ಪದವೀಧರರೇ.

ಅನುಭವದ ಸಾಕ್ಷ್ಯವಿದೆಯಲ್ಲವೇ ಎಂದರೆ, ಅದನ್ನೂ ಪರೀಕ್ಷಿಸಿಯಾಗಿದೆ. 1985ರಲ್ಲಿ ರಾಟನ್ ಮತ್ತು ಕೆಲ್ಲಿ ಎಂಬ ವಿದ್ವಾಂಸರು 37 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಹುಣ್ಣಿಮೆಗೂ ಮನೋವಿಕಾರಕ್ಕೂ ಗಣನೀಯ ಸಂಬಂಧ ಕಾಣಲಿಲ್ಲ. ಬೆಳದಿಂಗಳಿನಿಂದ ಕೆಲವರ ನಿದ್ರೆ ಕೊಂಚ ಕಡಿಮೆಯಾಗಬಹುದೆಂದು ಕೆಲವು ಅಧ್ಯಯನಗಳು ಸೂಚಿಸಿವೆ. ಇರಬಹುದು, ಆದರೆ ಬೆಳಕಿನಿಂದಾಗುವುದು ಬೆಳಕಿನ ಕೆಲಸ, ಗುರುತ್ವದ್ದಲ್ಲ.

ಹಿರಿಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರಿನ ಗಜನಿಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆದ ರೈತರು ಭರತ ಇಳಿತಗಳನ್ನು ಅರಿತೇ ಬದುಕಿದರು. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ ಎಂಬುದು ಕಡಲ ಮಕ್ಕಳಿಗೆಲ್ಲ ತಿಳಿದ ಮಾತು. ಅದು ನೋಡಿ ಕಲಿತ ವಿದ್ಯೆ. ನಮ್ಮದು ಓದಿಯೂ ಕಲಿಯದ ಅವಿದ್ಯೆ.

ಹುಣ್ಣಿಮೆಯಂದು ವ್ರತ ಮಾಡುವವರು ಮಾಡಲಿ, ಉಪವಾಸವಿರುವವರು ಇರಲಿ. ಅದು ಅವರವರ ಶ್ರದ್ಧೆ. ಆದರೆ ಅದಕ್ಕೆ ನ್ಯೂಟನ್ನನನ್ನು ಸುಳ್ಳುಸಾಕ್ಷಿ ಹೇಳಲು ಎಳೆದು ತರಬೇಡಿ. ನಿಮ್ಮ ಬಂಧುಬಳಗದಲ್ಲಿ ಯಾರದಾದರೂ ಮನಸ್ಸು ಕದಡಿದ್ದರೆ ಪಂಚಾಂಗ ತೆಗೆಯಬೇಡಿ; ಮರುದಿನ ಬೆಳಗ್ಗೆಯೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ತಿಥಿ ಯಾವುದಾದರೂ ಆಗಲಿ.