ಅಮಾವಾಸ್ಯೆಯ ಕತ್ತಲೆ ಕೋಣೆ

ಪ್ರತಿ ಅಮಾವಾಸ್ಯೆಯ ಸಂಜೆಗೆ ನಮ್ಮ ಹಿತ್ತಲಕೋಣೆಯ ಕಿಟಕಿಗೆ ಕರಿಯ ಕಂಬಳಿ ಬೀಳುವದನ್ನೂ, ಒಳಗೆ ಕೆಂಪು ದೀಪ ಉರಿಯುವದನ್ನೂ, ಬಾಗಿಲು ತೆರೆದಾಗಲೆಲ್ಲ ಹುಳಿವಾಸನೆಯೊಂದು ಹೊರಗೆ ಸುಳಿಯುವದನ್ನೂ ಕಂಡು ನೆರೆಹೊರೆಯವರಲ್ಲಿ ಕೆಲವರು ಮೊದಮೊದಲು ಶಂಕಿತರಾದರು. ಸಂಸ್ಕೃತ ಓದಿದ ಮಾಸ್ತರರು ನಿವೃತ್ತರಾದ ಮೇಲೆ ಮಂತ್ರವಾದಕ್ಕೆ ಕೈಹಾಕಿರುವರೆಂಬ ಮಾತು ಹುಟ್ಟಿ, ಸಿರಸಂಗಿಯ ಪೇಟೆಯನ್ನೆಲ್ಲ ಸುತ್ತಿ, ಕಡೆಗೆ ನಮ್ಮ ಮನೆಯವರ ಕಿವಿಗೂ ಬಿದ್ದಿತು. ಅವರು ನಕ್ಕು, "ಮಂತ್ರಾ ಅಲ್ಲ ತಂತ್ರಾ ಅಲ್ಲ, ಫೋಟೋ ತೊಳ್ಯಾಕತ್ತಾರ" ಎಂದು ಉತ್ತರಕೊಟ್ಟು ಕಳಿಸಿದರಂತೆ. ಈ ತಿಂಗಳು ಆ ಫೋಟೋ ತೊಳೆಯುವ ಸಂಗತಿಯನ್ನೇ ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಅಮಾವಾಸ್ಯೆಯೇ ಏಕೆಂದರೆ, ಕಾರಣವು ಬಹಳ ಸರಳವಾದುದು. ನಮ್ಮ ಕೂಟದಲ್ಲಿ ಮುಖ್ಯರಾದ ಪತ್ತಾರರು ಅಂದು ಹತ್ಯಾರ ಮುಟ್ಟುವದಿಲ್ಲ. ನಮ್ಮೂರ ಕಾಳಿಕಾದೇವಿಯು ವಿಶ್ವಕರ್ಮರ ಆರಾಧ್ಯ ದೇವತೆ. ಅಮಾವಾಸ್ಯೆಯಂದು ಕುಲುಮೆಗೆ ರಜೆ. ದೇವಿಯ ದರ್ಶನ ಮುಗಿಸಿ ಅವರು ನೇರವಾಗಿ ನಮ್ಮಲ್ಲಿಗೆ ಬರುತ್ತಾರೆ. ಸವದತ್ತಿಯಲ್ಲಿ ಮೂವತ್ತು ವರುಷ ಸ್ಟುಡಿಯೋ ನಡೆಯಿಸಿ ಮುಚ್ಚಿದ ಹಿರಿಯರೊಬ್ಬರು ಬಸ್ಸಿಗೆ ಬರುತ್ತಾರೆ. ಅವರ ಎನ್ಲಾರ್ಜರು ಈಗ ನಮ್ಮ ಕೋಣೆಯಲ್ಲಿದೆ. ವಿದ್ಯುತ್ತಿನ ಕಂಬ ಹತ್ತುವ ಲೈನ್‌ಮನ್ ಒಬ್ಬರು, ಬೈಲಹೊಂಗಲದ ಕಾಲೇಜಿನಲ್ಲಿ ಓದುವ ಪತ್ತಾರರ ಮೊಮ್ಮಗಳು, ಇಷ್ಟೇ ಜನ. ಹಿರಿಯರಿಗೆ ಯಾಶಿಕಾ ಜೋಡುಗಣ್ಣಿನ ಕ್ಯಾಮರಾದ ಮೇಲೆ ಪ್ರಾಣ. ಲೈನ್‌ಮನ್‌ರು ರಷ್ಯಾದ ಜೆನಿತ್‌ನ್ನು ಹೆಗಲಿಗೇರಿಸಿ ತಿರುಗುವರು. ಅದರ ಬೆಳಕು ಅಳೆಯುವ ಯಂತ್ರಕ್ಕೆ ಬ್ಯಾಟರಿಯೇ ಬೇಡವೆಂಬುದು ಅವರಿಗೆ ದೊಡ್ಡ ಹೆಮ್ಮೆ. ವಿದ್ಯುತ್ತಿನವರಿಗೇ ವಿದ್ಯುತ್ತು ಬೇಡವಾಯಿತೇ ಎಂದು ನಾವು ಚೇಷ್ಟೆ ಮಾಡುವದುಂಟು. ನಮ್ಮದಾದರೋ ಆಗ್ಫಾ ಕ್ಲಿಕ್-3. ನಮ್ಮ ದೇಶದಲ್ಲಿಯೇ ತಯಾರಾಗುತ್ತಿದ್ದ ಅಗ್ಗದ ಡಬ್ಬಿ, ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರಗಳು. ಮೊದಲ ಪಗಾರದಲ್ಲಿ ಕೊಂಡುದು.

ಈ ಕಾಲದಲ್ಲಿ ಇಂಥ ಹವ್ಯಾಸವು ದುಬಾರಿಯೇ ಸರಿ. ಒಂದು ರೀಲಿನ ಬೆಲೆಯು ಹೊಲದ ಕೂಲಿಯ ಒಂದು ದಿನದ ದುಡಿಮೆಯನ್ನು ಮೀರುವದು. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರಖಾನೆಯು 'ಇಂದು' ಎಂಬ ಹೆಸರಿನಿಂದ ಫಿಲ್ಮನ್ನೂ ಕಾಗದವನ್ನೂ ಮಾಡಿ ಮಾರುತ್ತಿದ್ದಿತು, ಅದೀಗ ಮುಚ್ಚಿದೆ. ಇಂದುವೆಂದರೆ ಚಂದ್ರ. ಹೆಸರಿಟ್ಟವರು ತಿಳಿದೇ ಇಟ್ಟರೋ ಏನೋ, ಫಿಲ್ಮಿನ ಜೀವವು ಬೆಳ್ಳಿ, ಮತ್ತು ಪಶ್ಚಿಮದ ರಸವಾದಿಗಳು ಬೆಳ್ಳಿಯನ್ನು ಚಂದ್ರನಿಗೆ ಸೇರಿದ ಲೋಹವೆಂದು ಎಣಿಸಿದ್ದರು. ಕೊಡಾಕ್ ಕಂಪನಿಯು 2012ರಲ್ಲಿ ದಿವಾಳಿಗೆ ಅರ್ಜಿ ಹಾಕಿದಾಗ ಫಿಲ್ಮಿನ ಕಥೆ ತೀರಿತೆಂದೇ ಎಲ್ಲರೂ ತಿಳಿದರು. ಆದರೆ ಅದೇ ಕಂಪನಿಯು 2018ರಲ್ಲಿ ತಾನು ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು ಮರಳಿ ಮಾಡತೊಡಗಿತು. 2024ರಲ್ಲಿ ಪೆಂಟ್ಯಾಕ್ಸ್‌ನವರು ಫಿಲ್ಮು ಹಾಕುವ ಹೊಸ ಕ್ಯಾಮರಾವನ್ನೇ ಹೊರಡಿಸಿದರು. ಬೇಡಿದವರು ಎಳೆಯರು, ನಮ್ಮ ಕೂಟದ ಹುಡುಗಿಯಂಥವರು. "ಫೋನಿನ್ಯಾಗ ಸಾವಿರ ಫೋಟೋ ಅದಾವ್ರಿ ಅಜ್ಜಾರ, ಒಂದೂ ನೋಡೂದಿಲ್ಲ" ಎಂದು ಅವಳು ಹೇಳಿದಳು.

ಹೊಸಬರಿಗೆ ಈ ಕೆಲಸದಲ್ಲಿ ಬೆರಗು ಹುಟ್ಟಿಸುವದು ಕ್ಯಾಮರಾ ಅಲ್ಲ, ಕತ್ತಲೆ ಕೋಣೆ. ಫಿಲ್ಮು ಎಲ್ಲ ಬಣ್ಣದ ಬೆಳಕಿಗೂ ಸೋಲುವದಾದುದರಿಂದ ಅದನ್ನು ಡಬ್ಬಿಗೆ ಸೇರಿಸುವಾಗ ಪೂರ್ಣ ಅಂಧಕಾರ ಬೇಕು, ಬೆರಳೇ ಕಣ್ಣು. ಪ್ರಿಂಟಿನ ಕಾಗದಕ್ಕೆ ಕೆಂಪು ಬೆಳಕು ತಾಗದು. ಆದ್ದರಿಂದಲೇ ನೆರೆಯವರನ್ನು ಹೆದರಿಸಿದ ಆ ಕೆಂಪು ದೀಪ. ಹುಳಿವಾಸನೆಯು ಡೆವಲಪರಿನ ಕೆಲಸವನ್ನು ತಟ್ಟನೆ ನಿಲ್ಲಿಸುವ ಆಮ್ಲದ್ದು. ಬಳಿಕ ಹೈಪೋ. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಹೈಪೋ ಕರಗಿಸಬಲ್ಲದೆಂಬುದನ್ನು ಇಂಗ್ಲೆಂಡದ ಜಾನ್ ಹರ್ಷೆಲ್ ಎಂಬ ಪಂಡಿತನು 1819ರಲ್ಲಿಯೇ ಕಂಡಿದ್ದನು. ಫೋಟೋಗ್ರಾಫಿಯು ಲೋಕಕ್ಕೆ ಪ್ರಕಟವಾದದ್ದು ಇಪ್ಪತ್ತು ವರುಷಗಳ ಮೇಲೆ, 1839ರಲ್ಲಿ. ಮದ್ದು ಮೊದಲು ಹುಟ್ಟಿ ರೋಗ ಆಮೇಲೆ ಬಂದಂತೆ! ನಮ್ಮ ಕಡೆಗೆ ತೊಂದರೆಯೆಂದರೆ ಬೇಸಗೆ. ಡೆವಲಪರು ಇಪ್ಪತ್ತು ಡಿಗ್ರಿಯ ತಂಪಿನಲ್ಲಿರಬೇಕು. ಚೈತ್ರ ವೈಶಾಖಗಳಲ್ಲಿ ನಮ್ಮ ಕೊಡದ ನೀರೇ ಅದನ್ನು ಮೀರಿರುತ್ತದೆ. ಪತ್ತಾರರು ಪೇಟೆಯಿಂದ ಬರ್ಫ ತರಿಸಿ ಪರಾತದಲ್ಲಿ ಒಡೆದು ಹಾಕುತ್ತಾರೆ. ಬಳಸಿ ಬಿಟ್ಟ ಹೈಪೋದಲ್ಲಿ ಬೆಳ್ಳಿ ಇರುವದೆಂದು ಅವರಿಗೆ ಗೊತ್ತು. ಅದನ್ನು ಚೆಲ್ಲಗೊಡದೆ ಒಂದು ಬರಣಿಯಲ್ಲಿ ತುಂಬಿಟ್ಟಿದ್ದಾರೆ.

ನೆಗೆಟಿವ್, ಪಾಸಿಟಿವ್ ಎಂಬ ಹೆಸರುಗಳನ್ನು ಈ ವಿದ್ಯೆಗೆ ಕೊಟ್ಟವನೂ ಹರ್ಷೆಲನೇ. ನಮ್ಮ ಗಣಿತದಲ್ಲಿ ಇವಕ್ಕೆ ಋಣ, ಧನ ಎಂದು ಹೆಸರು. ನೆಗೆಟಿವನ್ನು ಋಣವೆಂದು ಕರೆಯುವದು ನಮಗೆ ಬಹಳ ಹಿಡಿಸುತ್ತದೆ. ಯಾಕಂದರೆ ಅದು ಮುಂದೆ ಸಲ್ಲಿಸಬೇಕಾದ ಸಾಲ. ಎಷ್ಟು ವರುಷ ಕಳೆದರೂ ಕೇಳಿದವರಿಗೆ ಪ್ರಿಂಟು ತೆಗೆದುಕೊಡಬಹುದು. ನಮ್ಮ ಸೀಮೆಯೇ ಇದಕ್ಕೆ ಸಾಕ್ಷಿ. ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸಾಯಿಟಿ ಸ್ಥಾಪಿತವಾದದ್ದು 1854ರಲ್ಲಿ. ಮರುವರುಷವೇ ಮುಂಬಯಿ ತೋಪಖಾನೆಯ ಕ್ಯಾಪ್ಟನ್ ಬಿಗ್ಸ್ ಎಂಬವನು ಸರಕಾರದ ಅಪ್ಪಣೆಯ ಮೇರೆಗೆ ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆಯಲು ಬಂದನು. ಅವನೂ, ಅವನ ಹಿಂದೆ ಬಂದ ಡಾಕ್ಟರ ಪಿಗೂ, ನೀಲ್ ಎಂಬವರೂ ತೆಗೆದ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರ ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಅಚ್ಚಾದವು. ಅದೇ ಸುಮಾರಿಗೆ, 1856ರಲ್ಲಿ, ಗ್ರೀನ್‌ಲಾ ಎಂಬ ಸೈನಿಕ ಅಧಿಕಾರಿಯು ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯನ್ನು ಹಿಡಿದನು. ನೂರು ವರುಷ ಮಿಕ್ಕಿದ ಮೇಲೆ ಆ ಕಾಗದಗಳು ಬೆಳಕಿಗೆ ಬಂದವು. 1983ರಲ್ಲಿ ಜಾನ್ ಗೊಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಚಿತ್ರಕಾರನು ಅವನ್ನು ಕೈಯಲ್ಲಿಟ್ಟುಕೊಂಡು ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದನು. ಎರಡನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಯಾವ ಕಂಬ ಬಿದ್ದಿತು, ಯಾವುದು ನಿಂತಿತು ಎಂಬುದು ಮಾತಿಲ್ಲದೆ ತಿಳಿಯುವದು. ಕಾಗದವೊಂದು ಉಳಿದುದರ ಫಲವಿದು.

ಇಷ್ಟೆಲ್ಲ ಪಾಂಡಿತ್ಯ ಹೇಳುವ ನಾವು ನಮ್ಮ ಮನೆಯಲ್ಲಿ ಏನು ಮಾಡಿದೆವೆಂಬುದನ್ನೂ ಹೇಳತಕ್ಕದ್ದು. 1987ರಿಂದ ಮುಂದೆ ಸುಮಾರು ಹದಿನೈದು ವರುಷ ಶಾಲೆಯ ಮಕ್ಕಳು, ಊರ ಜಾತ್ರೆ, ಮದುವೆ ಮುಂಜಿಗಳೆಂದು ನಾವು ತೆಗೆದ ರೀಲುಗಳನ್ನು ನಂಬರು ಹಾಕಿದ ಲಕೋಟೆಗಳಲ್ಲಿಟ್ಟು, ಒಂದು ರಜಿಸ್ಟರಿನಲ್ಲಿ ಬರೆದಿಟ್ಟಿದ್ದೆವು. 2009ರಲ್ಲಿ ಮನೆಯ ಮಾಳಿಗೆಯನ್ನು ಕೆಡವಿ ಕಟ್ಟಿಸುವಾಗ, ಬೆಳ್ಳಿಗಾಗಿ ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬನು ಬಾಗಿಲಿಗೆ ಬಂದನು. ನಮ್ಮ ಕೈಯಲ್ಲಿ ಆಗಲೇ ಹೊಸ ಡಿಜಿಟಲ್ ಕ್ಯಾಮರಾ ಇದ್ದಿತು. ಇನ್ನು ಇವನ್ನು ತೊಳೆಯುವವರಾರು, ನೋಡುವವರಾರು ಎಂದು ಎರಡು ಡಬ್ಬಿ ನೆಗೆಟಿವ್ ಅವನ ತಕ್ಕಡಿಗೆ ಹಾಕಿದೆವು. ವರ್ಗಾವಣೆಯ ಹುಕುಮುಗಳಿದ್ದ ಟ್ರಂಕಿನಲ್ಲಿ ಮರೆತು ಉಳಿದವು ಹನ್ನೊಂದು ಲಕೋಟೆಗಳು ಮಾತ್ರ. ರಜಿಸ್ಟರು ಪೂರ್ಣ ಉಳಿಯಿತು.

ಹೋದ ಶ್ರಾವಣದಲ್ಲಿ ಊರಿನ ವೃದ್ಧ ತಾಯಿಯೊಬ್ಬರು ಚೌಕಟ್ಟಿನ ಫೋಟೋವೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. 1991ರಲ್ಲಿ ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ನಾವೇ ತೆಗೆದ ಐವರು ಹುಡುಗರ ಚಿತ್ರ. ಅವರಲ್ಲೊಬ್ಬನು ಈ ತಾಯಿಯ ಮಗ. ಹದಿನೇಳು ತುಂಬುವ ಮೊದಲೇ ಮಲಪ್ರಭೆಯ ಹಿನ್ನೀರಿಗೆ ಈಜಲು ಹೋಗಿ ತೀರಿಹೋದನು. ಅವನ ಬೇರೆ ಚಿತ್ರವೇ ಇಲ್ಲ. ಮಳೆಗೆ ಗೋಡೆ ಸೋರಿ, ಚಿತ್ರವು ಗಾಜಿಗೆ ಅಂಟಿ, ನಡುವೆಲ್ಲ ಬೂಷ್ಟು ಹಿಡಿದು, ಆ ಹುಡುಗನ ಮುಖದ ಜಾಗದಲ್ಲಿ ಕಂದು ಕಲೆಯೊಂದೇ ಉಳಿದಿದ್ದಿತು. "ಮಾಸ್ತರ, ಇದನ್ನ ಮತ್ತ ಮಾಡಿ ಕೊಡಾಕ ಬರತೈತೇನ್ರಿ?" ಎಂದು ಕೇಳಿದರು. ಫೋನಿನಲ್ಲಿ ನಕಲು ತೆಗೆದರೆ ಕಲೆಯ ನಕಲೇ ಬರುವದು. ನಾವು ಒಳಗೆ ಹೋಗಿ ರಜಿಸ್ಟರು ತೆರೆದೆವು, ಲಕೋಟೆ 23. ಟ್ರಂಕು ತೆರೆಯುವಾಗ ಕೈ ನಡುಗಿದ್ದು ಸುಳ್ಳಲ್ಲ. ಹನ್ನೊಂದರಲ್ಲಿ ಅದೂ ಒಂದಾಗಿದ್ದಿತು.

ಆ ಶ್ರಾವಣದ ಬೆನಕನ ಅಮಾವಾಸ್ಯೆಯ ರಾತ್ರಿ ಐವರೂ ಅದೊಂದೇ ಚಿತ್ರಕ್ಕೆ ಕುಳಿತೆವು. ಅಂದಿನ ದಿನ ಮೋಡವಿದ್ದಿರಬೇಕು, ಮೇಲಾಗಿ ಮರದ ನೆರಳು. ನಮ್ಮ ಬಡ ಕ್ಲಿಕ್-3ಕ್ಕೆ ಆ ಬೆಳಕು ಸಾಲದೆ ನೆಗೆಟಿವ್ ಬಹಳ ತೆಳುವಾಗಿದ್ದಿತು. ಹೀಗಿದ್ದಾಗ ನೆರಳಿನಲ್ಲಿದ್ದ ಮುಖವು ಪ್ರಿಂಟಿನಲ್ಲಿ ಕಪ್ಪಾಗಿಯೇ ಬರುವದು. ಹಿರಿಯರು ಗಡುಸು ಕಾಗದವನ್ನು ಆರಿಸಿ, ಒಂದು ಪಟ್ಟಿಯ ಮೇಲೆ ನಾಲ್ಕು, ಎಂಟು, ಹನ್ನೆರಡು ಸೆಕೆಂಡುಗಳ ಬೆಳಕು ಬಿಟ್ಟು ಪರೀಕ್ಷಿಸಿದರು. ಮೊದಲನೆಯ ಪ್ರಿಂಟಿನಲ್ಲಿ ಅಂಗಿಗಳು ಸರಿಯಾಗಿ ಬಂದು ಮುಖಗಳು ಇದ್ದಿಲಾದವು. ಎರಡನೆಯದರಲ್ಲಿ ಮುಖ ಬಂದಿತು, ಮರವೂ ಅಂಗಿಯೂ ಮಾಯವಾದವು. ಆಗ ಪತ್ತಾರರು ಎದ್ದು ಮನೆಗೆ ಹೋಗಿ, ಅಮಾವಾಸ್ಯೆಯ ನೇಮವನ್ನು ನಾವಾರೂ ನೆನಪಿಸದಿರಲಾಗಿ, ಹಿತ್ತಾಳೆಯ ತಗಡಿನಿಂದ ಹುಣಸೆಬೀಜದಷ್ಟು ಬಿಲ್ಲೆ ಕತ್ತರಿಸಿ ತಂತಿಯ ತುದಿಗೆ ಸಿಕ್ಕಿಸಿಕೊಂಡು ಬಂದರು. ಎನ್ಲಾರ್ಜರಿನ ಬೆಳಕು ಬೀಳುತ್ತಿರುವಾಗ ಆ ಬಿಲ್ಲೆಯನ್ನು ಮುಖದ ಮೇಲೆ ಮೆಲ್ಲಗೆ ಅಲುಗಿಸುತ್ತ ಹಿಡಿದರೆ ಅಷ್ಟು ಜಾಗಕ್ಕೆ ಮಾತ್ರ ಬೆಳಕು ಕಡಿಮೆಯಾಗುವದು. ಅಲುಗಿಸದೆ ಹಿಡಿದರೆ ಅಂಚು ಮೂಡಿ ಮುಖದ ಸುತ್ತ ಉಂಗುರ ಬೀಳುವದು. ಐವತ್ತು ವರುಷ ಮೂಗುತಿಯ ಹರಳು ಕೂಡಿಸಿದ ಕೈಗಿಂತ ಇದಕ್ಕೆ ಯೋಗ್ಯವಾದ ಕೈ ಯಾವುದಿದೆ? ಮೂರನೆಯದು ಕೆಟ್ಟಿತು. ನಾಲ್ಕನೆಯ ಕಾಗದ ತಟ್ಟೆಯಲ್ಲಿ ಮುಳುಗಿ, ಅರ್ಧ ನಿಮಿಷದೊಳಗೆ ಬೇವಿನ ಬೊಡ್ಡೆ, ಅಂಗಿಯ ಗುಂಡಿ, ಕಡೆಗೆ ಕಣ್ಣುಗಳು ಒಂದೊಂದಾಗಿ ಮೇಲೆ ಬಂದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಹುಡುಗಿ ಮಾತ್ರ, "ನಗಾಕತ್ತಾನ್ರಿ" ಎಂದಳು.

ನಮ್ಮ ಪುರಾಣದಲ್ಲಿ ಸೂರ್ಯನ ತೇಜಸ್ಸನ್ನು ತಾಳಲಾರದೆ ಅವನ ಪತ್ನಿ ಸಂಜ್ಞೆಯು ತನ್ನ ನೆರಳಾದ ಛಾಯೆಯನ್ನು ಮನೆಯಲ್ಲಿಟ್ಟು ಹೊರಟುಹೋದಳೆಂದು ಕಥೆಯಿದೆ. ತರಗತಿಯಲ್ಲಿ ಅದನ್ನು ಎಷ್ಟು ಸಲ ಹೇಳಿದೆವೋ. ಹೋದವರ ಬದಲಿಗೆ ಛಾಯೆಯಾದರೂ ಮನೆಯಲ್ಲಿರಲಿ ಎಂಬ ಆಸೆ ಎಂಥದೆಂಬುದು ಅಂದು ತಿಳಿಯಿತು.

ಪ್ರಿಂಟನ್ನು ಒಂದು ತಾಸು ತೊಳೆದು ಒಣಗಿಸಿ ಮರುದಿನ ಕೊಟ್ಟೆವು. ಹೈಪೋ ಉಳಿದರೆ ಮುಂದೆ ಹಳದಿಯಾಗುವದೆಂದು ತೊಳೆಯುವದರಲ್ಲಿ ಅವಸರ ಮಾಡಲಿಲ್ಲ. ತಾಯಿಯವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಮುಂದಿನ ಹಲ್ಲ ಮುರದಿತ್ತ ನೋಡ್ರಿ, ಯಾವ ಬಾಜೂ ಅಂತ ನಾ ಮರತೇ ಬಿಟ್ಟಿದ್ನಿ" ಎಂದರು.

ಮನೆಯಲ್ಲಿ ಹಳೆಯ ಚಿತ್ರಗಳುಳ್ಳ ವಾಚಕರು ಕೆಲವೊಂದು ಮಾತು ಲಕ್ಷ್ಯದಲ್ಲಿಡಬೇಕು. ಗಾಜಿಗೆ ಅಂಟಿದ ಫೋಟೋವನ್ನು ಎಂದೂ ಕಿತ್ತು ತೆಗೆಯಬಾರದು. ಮೇಲಿನ ಪದರು ಗಾಜಿನ ಸಂಗಡ ಬರುವದು. ಗಾಜಿನ ಮೇಲಿನಿಂದಲೇ ನಕಲು ತೆಗೆಯಿಸಿರಿ. ನೆಗೆಟಿವ್‌ಗಳನ್ನು ಅಂಚು ಹಿಡಿದು ಎತ್ತಿ, ಒಣಗಿದ ಕಾಗದದ ಲಕೋಟೆಯಲ್ಲಿ, ಅಡಿಗೆಯ ಒಲೆಗೂ ಸೋರುವ ಗೋಡೆಗೂ ದೂರವಾಗಿ ಇಡಿರಿ. ಡಬ್ಬಿ ತೆರೆದಾಗ ಹುಳಿವಾಸನೆ ಬಂದರೆ ಆ ಫಿಲ್ಮು ಕೆಡತೊಡಗಿದೆಯೆಂದು ತಿಳಿದು ಉಳಿದವುಗಳಿಂದ ಬೇರೆ ಮಾಡಿ, ಬೇಗನೆ ಪ್ರಿಂಟನ್ನೋ ಡಿಜಿಟಲ್ ನಕಲನ್ನೋ ಮಾಡಿಸತಕ್ಕದ್ದು. ಕತ್ತಲೆ ಕೋಣೆ ಇಲ್ಲದವರು ಬಿಳಿಯ ಬೆಳಕಿನ ಮುಂದೆ ನೆಗೆಟಿವ್ ಹಿಡಿದು ಫೋನಿನಿಂದ ಚಿತ್ರ ತೆಗೆದು ಅದರಲ್ಲಿಯೇ ಬಣ್ಣ ತಿರುವಿ ನೋಡಬಹುದು. ಹಾಗೆ ಮಾಡುವದರಲ್ಲಿ ನಮಗೇನೂ ಆಕ್ಷೇಪಣೆಯಿಲ್ಲ. ಮೂಲವನ್ನು ಮಾತ್ರ ಎಸೆಯಬೇಡಿರಿ.

ಪ್ರಿಂಟಿನ ಸುದ್ದಿ ಊರಲ್ಲಿ ಹಬ್ಬಿ ವಾರದೊಳಗೆ ಇನ್ನೂ ಮೂವರು ಬಂದರು. ಒಬ್ಬರ ಲಕೋಟೆ ಟ್ರಂಕಿನಲ್ಲಿ ಸಿಕ್ಕಿತು. ಮುಂದಿನ ಅಮಾವಾಸ್ಯೆಗೆ ಅದರ ಕೆಲಸವಿದೆ. ಇನ್ನೊಬ್ಬರದು ಸಿಗಲಿಲ್ಲ. ಮೂರನೆಯವರು ನಮಗಿಂತ ಹಿರಿಯರಾದ ಒಕ್ಕಲಿಗರು. 1988ರ ಅವರ ಮದುವೆಯ ಚಿತ್ರವನ್ನು ನಾವೇ ತೆಗೆದಿದ್ದೆವು. ಮನೆಯವರು ಹೋಗಿ ಎರಡು ವರುಷವಾಯಿತೆಂದರು. ರಜಿಸ್ಟರಿನಲ್ಲಿ ಲಕೋಟೆ 9 ಎಂದು ನಮ್ಮ ಅಕ್ಷರದಲ್ಲಿಯೇ ಸ್ಪಷ್ಟವಾಗಿದೆ. ಟ್ರಂಕಿನಲ್ಲಿ ಒಂಬತ್ತು ಇಲ್ಲ. ಮುಚ್ಚಿಡದೆ, ಮಾರಿಬಿಟ್ಟೆವೆಂದು ಹೇಳಿದೆವು. ಅವರು ಸಿಟ್ಟಾಗಲಿಲ್ಲ. ಪಟಗವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತು, "ಎಷ್ಟಕ್ಕ ಹೋತ್ರಿ ಮಾಸ್ತರ?" ಎಂದು ಕೇಳಿದರು.

ಎರಡು ಡಬ್ಬಿಗೂ ಕೂಡಿ ನೂರಾ ನಲವತ್ತು ರೂಪಾಯಿ ಎಂದೆವು.