ಎಣಿಕೆಗೆ ಸಿಗದ ದುಡಿಮೆ

ಆ್ಯಪ್‌ಗೆ ಹೆಣ್ಣು ಗಂಡೆಂಬ ಭೇದ ಗೊತ್ತಿಲ್ಲ, ಹಾಗಾಗಿ ಡಿಜಿಟಲ್ ಕಾಲದಲ್ಲಿ ಕೂಲಿಯ ತಾರತಮ್ಯ ತಾನಾಗಿಯೇ ಅಳಿಯುತ್ತದೆ ಎಂಬ ಮಾತು ಈಗ ಎಲ್ಲ ವೇದಿಕೆಗಳಿಂದಲೂ ಕೇಳಿಬರುತ್ತಿದೆ. ಮಾತಿನ ಮೊದಲರ್ಧ ನಿಜವೇ ಇರಬಹುದು, ಎರಡನೆಯರ್ಧ ಸುಳ್ಳು. ಅಮೆರಿಕದ ಹತ್ತು ಲಕ್ಷಕ್ಕೂ ಹೆಚ್ಚು ಊಬರ್ ಚಾಲಕರ ಗಳಿಕೆಯನ್ನು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದ್ದಾರೆ. ಬಾಡಿಗೆ ಲೆಕ್ಕಹಾಕುವ ಸೂತ್ರ ಎಲ್ಲರಿಗೂ ಒಂದೇ. ಆದರೂ ಗಂಟೆಯ ಲೆಕ್ಕದಲ್ಲಿ ಗಂಡಸರು ಸುಮಾರು ಶೇ 7ರಷ್ಟು ಹೆಚ್ಚು ಗಳಿಸುತ್ತಿದ್ದರು. ಅವರು ಓಡಿಸುವ ವೇಗ ಹೆಚ್ಚು, ಕೆಲಸದಲ್ಲಿ ಉಳಿದು ಪಳಗಿದ್ದೂ ಹೆಚ್ಚು. ಎಲ್ಲಿ, ಯಾವ ಹೊತ್ತಿನಲ್ಲಿ ಓಡಿಸಬೇಕೆಂಬ ಆಯ್ಕೆಯೂ ಬೇರೆ. ಮಗುವನ್ನು ಶಾಲೆಯಿಂದ ಕರೆತರಬೇಕಾದವಳಿಗೆ ಆ ಆಯ್ಕೆ ಎಲ್ಲಿಂದ ಬರಬೇಕು?

ಡಿಜಿಟಲ್ ವ್ಯವಸ್ಥೆಯ ಪರ ಮಾತುಗಳಲ್ಲಿ ಬ್ಯಾಂಕ್ ಖಾತೆಗೆ ನೇರ ಪಾವತಿಯ ಪರವಾದ ವಾದವನ್ನು ಮಾತ್ರ ನಾನು ಗೌರವಿಸುತ್ತೇನೆ. ನಮ್ಮ ಹೊಲಗಳಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಎಂಬ ರೂಢಿ ಇನ್ನೂ ಹೋಗಿಲ್ಲ. ನರೇಗಾ ಇಬ್ಬರಿಗೂ ಒಂದೇ ದರ ಕೊಟ್ಟಿತು, ಹಣ ಖಾತೆಗೆ ಬಂತು. ಮಧ್ಯಪ್ರದೇಶದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಕೂಲಿ ತಮ್ಮದೇ ಖಾತೆಗೆ ಬಂದು ಅದರ ಬಳಕೆಯ ತರಬೇತಿಯೂ ಸಿಕ್ಕ ಹೆಂಗಸರು ಮೊದಲಿಗಿಂತ ಹೆಚ್ಚಾಗಿ ದುಡಿಮೆಗೆ ಹೊರಬಿದ್ದರು. ಇದು ಸಣ್ಣ ಲಾಭವಲ್ಲ.

ಆದರೆ ಅದೇ ನರೇಗಾದಲ್ಲಿ 2023ರ ಜನವರಿಯಿಂದ ಎನ್‌ಎಂಎಂಎಸ್ ಆ್ಯಪ್ ಮೂಲಕ ಹಾಜರಾತಿ ಕಡ್ಡಾಯವಾಯಿತು. ಕೂಲಿ ಲೆಕ್ಕವಾಗುತ್ತಿದ್ದುದು ಅಗೆದ ಮಣ್ಣಿನ ಅಳತೆಯ ಮೇಲೆ. ಹಾಗಾಗಿ ಆ್ಯಪ್ ಬರುವ ಮೊದಲು ಹೆಂಗಸರು ನಸುಕಿಗೇ ಬಂದು, ಬಿಸಿಲೇರುವ ಮುನ್ನ ತಮ್ಮ ಪಾಲು ಮುಗಿಸಿ, ಮನೆ, ಮಕ್ಕಳು, ದನಕರು ನೋಡಿಕೊಳ್ಳಲು ಹೊರಡುತ್ತಿದ್ದರು. ಹಾಜರಾತಿಗೆ ದಿನಕ್ಕೆರಡು ಫೋಟೊ ಎಂಬ ಆ್ಯಪ್‌ನ ನಿಯಮ ಈ ಅನುಕೂಲವನ್ನು ಕಿತ್ತುಕೊಂಡಿತು. ಕೆಲಸ ಮುಗಿದರೂ ಎರಡನೆಯ ಫೋಟೊಗಾಗಿ ಕಾಯಬೇಕಾಯಿತು. ನೆಟ್‌ವರ್ಕ್ ಕೈಕೊಟ್ಟರೆ, ಕೆರೆಯಂಗಳದಲ್ಲಿ ಎತ್ತಿಹಾಕಿದ ಹೂಳು ಕಣ್ಣೆದುರೇ ರಾಶಿ ಬಿದ್ದಿದ್ದರೂ ಆ ದಿನದ ಕೂಲಿಗೆ ಸಂಚಕಾರ. ಕೂಲಿಕಾರರ ಮೇಲ್ವಿಚಾರಣೆ ನೋಡಿಕೊಂಡು ಫೋಟೊ ತೆಗೆಯಬೇಕಾದ ಕಾಯಕ ಬಂಧುವಿನ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲೇಬೇಕಿತ್ತು. ಆ ಕಾಯಕ ಬಂಧು ಹೆಂಗಸಾದರೆ ಅದೂ ಸುಲಭವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇದ್ದದ್ದು ದೇಶದ ಶೇ 54ರಷ್ಟು ಹೆಂಗಸರಿಗೆ. ಇಂಟರ್‌ನೆಟ್ ಒಮ್ಮೆಯಾದರೂ ಬಳಸಿದ್ದವರು ಶೇ 33. ಡಿಜಿಟಲ್ ಸಾಕ್ಷರತೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಸಿಗ್ನಲ್ ಇಲ್ಲದ ಗುಡ್ಡದಲ್ಲಿ ಯಾವ ಸಾಕ್ಷರತೆಯೂ ಫೋಟೊ ಕಳಿಸಲಾರದು.

ಆಶಾ ಕಾರ್ಯಕರ್ತೆಯರ ಪಾಡೂ ಇದೇ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲಿರುಳು ಕೂತಾಗ, ಗೌರವಧನ ಹೆಚ್ಚಿಸಿ ಎಂಬ ಬೇಡಿಕೆಯ ಜೊತೆಗೆ ಪ್ರೋತ್ಸಾಹಧನವನ್ನು ಪೋರ್ಟಲ್‌ಗೆ ಜೋಡಿಸಬೇಡಿ ಎಂಬುದೂ ಇತ್ತು. ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ದದ್ದು, ಬಾಣಂತಿಯ ಮನೆಗೆ ಮತ್ತೆ ಮತ್ತೆ ಹೋಗಿಬಂದದ್ದು ಪೋರ್ಟಲ್‌ನಲ್ಲಿ ದಾಖಲಾಗದಿದ್ದರೆ ಹಣವಿಲ್ಲ ಎನ್ನುವುದು ಅನ್ಯಾಯ. ದಾಖಲಿಸುವುದೂ ದುಡಿಮೆಯೇ, ಅದಕ್ಕೂ ಕೂಲಿ ಸಲ್ಲಬೇಕು. ತಾಂತ್ರಿಕ ದೋಷದ ನಷ್ಟವನ್ನು ಅತಿ ಕಡಿಮೆ ಗಳಿಸುವವಳ ತಲೆಗೆ ಕಟ್ಟುವ ವ್ಯವಸ್ಥೆಯನ್ನು ನಾನು ಪ್ರಗತಿ ಎಂದು ಒಪ್ಪಲಾರೆ.

2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾನೂನು, ಸ್ವಯಂಚಾಲಿತ ವ್ಯವಸ್ಥೆಗಳು ಕೆಲಸಗಾರರ ಬಗ್ಗೆ ಹೇಗೆ ತೀರ್ಮಾನಿಸುತ್ತವೆ ಎಂಬುದನ್ನು ಅವರಿಗೆ ತಿಳಿಸುವ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸಿದೆ. ಕೇಂದ್ರ, ರಾಜ್ಯ ಎರಡೂ ಸರ್ಕಾರಗಳು ಈ ಹೊಣೆಯನ್ನು ತಮ್ಮ ಆ್ಯಪ್‌ಗಳಿಗೂ ಅನ್ವಯಿಸಿಕೊಳ್ಳಲಿ. ಆ್ಯಪ್ ಕೆಟ್ಟ ದಿನವೂ ಕೂಲಿ ಪೂರ್ತಿ ಕೊಡಲಿ.