ಗಣಕಯಂತ್ರದಲ್ಲಿ ಅಧಿಕಾರವಿವೇಕ

ಅಧಿಕಾರವೆಂಬ ಶಬ್ದವು ಇಂದಿನ ರೂಢಿಯಲ್ಲಿ ಪದವಿಗೂ ದರ್ಪಕ್ಕೂ ಪರ್ಯಾಯವಾಗಿಬಿಟ್ಟಿದೆ. ಶಾಸ್ತ್ರಕಾರರ ದೃಷ್ಟಿಯಲ್ಲಿ ಅದರ ಅರ್ಥ ಬೇರೆ. ಪಾಣಿನೀಯ ವ್ಯಾಕರಣದಲ್ಲಿ ಅಧಿಕಾರಸೂತ್ರವೆಂಬುದು ತನಗೆ ಗೊತ್ತುಪಡಿಸಿದ ಎಲ್ಲೆಯವರೆಗೆ ಮಾತ್ರ ಮುಂದಿನ ಸೂತ್ರಗಳಲ್ಲಿ ಅನ್ವಯಿಸುತ್ತದೆ; ಎಲ್ಲೆ ಮುಗಿದೊಡನೆ ಅದರ ಅನ್ವಯವೂ ಮುಗಿಯುತ್ತದೆ. ಗ್ರಂಥಾರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಪೂರ್ವಿಕರ ಪದ್ಧತಿ. ಈ ಹಳೆಯ ವಿವೇಕವು ಗಣಕಯಂತ್ರದ ಮುಂದೆ ಕುಳಿತ ಇಂದಿನ ತರುಣನಿಗೂ ಅತ್ಯಾವಶ್ಯಕವೆಂದರೆ ಕೆಲವರಿಗೆ ಸೋಜಿಗವೆನಿಸೀತು. ಆದರೆ ಅದು ನಿಜ.

ವಿಂಡೋಸ್ ವ್ಯವಸ್ಥೆಯಲ್ಲಿ ಪಳಗಿದ ತರುಣನೊಬ್ಬನು ಶಾಲೆಯ ಜಾಲತಾಣಕ್ಕಾಗಿ ಲಿನಕ್ಸ್ ವ್ಯವಸ್ಥೆಯಲ್ಲಿ ಮೊದಲ ಬಾರಿಗೆ ಸರ್ವರ್ ಸ್ಥಾಪಿಸಲು ಹೊರಟನೆಂದು ಭಾವಿಸೋಣ. ಕಡತಗಳೆಲ್ಲ ಸ್ಥಳದಲ್ಲಿವೆ, ತಂತ್ರಾಂಶ ಚಾಲನೆಯಲ್ಲಿದೆ. ಆದರೂ ಪುಟವು ತೆರೆಯದೆ, ಅನುಮತಿ ಇಲ್ಲವೆಂಬ ಉತ್ತರ ಮಾತ್ರ ಬರುತ್ತದೆ. ಆಗ ಯಾರೋ ಒಬ್ಬರು 777 ಎಂಬ ಮಂತ್ರವನ್ನು ಉಪದೇಶಿಸುತ್ತಾರೆ. ಈ ಉಪದೇಶವು ಔಷಧವಲ್ಲ, ಅಪಥ್ಯ.

ಈ ಅಂಕಿಗಳ ಮರ್ಮವನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯೂನಿಕ್ಸ್ ವ್ಯವಸ್ಥೆಯನ್ನು ಆರಂಭಿಸಿದರು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದ ಕಾಲವದು. ಒಬ್ಬನ ಬರಹವನ್ನು ಇನ್ನೊಬ್ಬನು ಕೆಡಿಸದಂತೆ ಕಟ್ಟುಪಾಡು ಅನಿವಾರ್ಯವಾಯಿತು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್ ಆ ಕಟ್ಟುಪಾಡನ್ನೇ ಅನುಸರಿಸಿತು. ಅದರಂತೆ ಪ್ರತಿಯೊಂದು ಕಡತದೊಡನೆ ಒಡೆಯ, ಗುಂಪು, ಇತರರು ಎಂಬ ಮೂರು ಬಗೆಯ ಸಂಬಂಧಗಳಿವೆ. ಓದಲು 4, ಬರೆಯಲು 2, ನಡೆಸಲು 1. ಇವುಗಳ ಮೊತ್ತವೇ ಒಬ್ಬೊಬ್ಬರ ಪಾಲು. 640 ಎಂದರೆ ಒಡೆಯನು ಓದಿ ಬರೆಯಬಹುದು, ಗುಂಪಿನವರು ಓದಬಹುದು, ಇತರರಿಗೆ ಏನೂ ಇಲ್ಲ. 777 ಎಂದರೆ ಎಲ್ಲರಿಗೂ ಎಲ್ಲವೂ.

ಇಲ್ಲಿ ಹೊಸಬರಿಗೆ ತಿಳಿಯದ ಸೂಕ್ಷ್ಮವೊಂದುಂಟು. ಕೋಶದ ವಿಷಯದಲ್ಲಿ 1 ಎಂಬುದು ನಡೆಸುವ ಅನುಮತಿಯಲ್ಲ, ಹಾದುಹೋಗುವ ಅನುಮತಿ. ಕಡತವನ್ನು ತಲುಪಬೇಕಾದರೆ ದಾರಿಯ ಪ್ರತಿಯೊಂದು ಕೋಶವನ್ನೂ ಹಾದುಹೋಗಬೇಕು. ಉಬುಂಟು ಎಂಬ ಲಿನಕ್ಸ್ ಪ್ರಭೇದದಲ್ಲಿ, 2021ರಲ್ಲಿ ಬಂದ 21.04ನೆಯ ಆವೃತ್ತಿಯಿಂದ ಈಚೆಗೆ, ಹೊಸ ಬಳಕೆದಾರನ ಮನೆಕೋಶವು ಇತರರಿಗೆ ಮುಚ್ಚಿರುತ್ತದೆ. ಅದರ ಅಂಕಿ 750. ಅಂಥ ಮನೆಕೋಶದೊಳಗೆ ಜಾಲತಾಣವನ್ನಿಟ್ಟು, ಪುಟದ ಕಡತಕ್ಕೆ 777 ಕೊಟ್ಟರೂ ಪುಟ ತೆರೆಯದು. ಹೆಬ್ಬಾಗಿಲಿಗೆ ಅಗುಳಿ ಹಾಕಿ ಒಳಕೋಣೆಯ ಕದ ತೆರೆದಿಟ್ಟರೆ ಅತಿಥಿಗೇನು ಪ್ರಯೋಜನ? ಬೇಸತ್ತವನು ಮನೆಕೋಶಕ್ಕೆಲ್ಲ 777 ಕೊಟ್ಟನೋ, ದೂರದಿಂದ ಕೀಲಿಕಡತದ ಮೂಲಕ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಸೇವೆಯು, ಇತರರು ತಿದ್ದಬಹುದಾದ ಕೋಶದಲ್ಲಿರುವ ಕೀಲಿಯನ್ನು ನಂಬದೆ, ಅವನನ್ನೇ ಹೊರಗೆ ನಿಲ್ಲಿಸುತ್ತದೆ. ಸಡಿಲಿಸಿದ್ದೇ ಬಂಧನವಾಯಿತು.

ಹಾಗಾದರೆ ಮಾಡಬೇಕಾದುದೇನು? ಅನುಬಂಧಚತುಷ್ಟಯವನ್ನೇ ಪ್ರಶ್ನೆಯಾಗಿ ಕೇಳಿಕೊಳ್ಳಬೇಕು. ಅಧಿಕಾರಿ ಯಾರು? ಪುಟವನ್ನು ಓದುವವನು ಕೀಲಿಮಣೆಯ ಮುಂದೆ ಕುಳಿತ ತರುಣನಲ್ಲ. ಸರ್ವರ್ ತಂತ್ರಾಂಶಕ್ಕೆ ಬೇರೆಯೇ ಹೆಸರುಂಟು. ಡೆಬಿಯನ್, ಉಬುಂಟುಗಳಲ್ಲಿ ಅದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ. ಫೆಡೋರಾದಲ್ಲಿ ಅಪಾಚೆ ಸರ್ವರಿಗೆ ಅಪಾಚೆಯೆಂದೇ ಹೆಸರು. ತನಗೆ ಕಡತ ತೆರೆಯುತ್ತದೆಂಬ ಮಾತ್ರಕ್ಕೆ ಸರ್ವರಿಗೂ ತೆರೆಯಬೇಕೆಂಬ ನಿಯಮವಿಲ್ಲ. ವಿಷಯ ಯಾವುದು? ದೋಷಗಳನ್ನು ದಾಖಲಿಸುವ ಕಡತವನ್ನು ಓದಿದರೆ, ನಿರಾಕರಣೆಗೊಳಗಾದ ಕಡತದ ಪೂರ್ಣ ವಿಳಾಸವು ಸಾಮಾನ್ಯವಾಗಿ ಅಲ್ಲಿಯೇ ಸಿಗುತ್ತದೆ. ಬೇರಿನಿಂದ ಆರಂಭಿಸಿ ಒಂದೊಂದು ಕೋಶವನ್ನೂ ಪರೀಕ್ಷಿಸುತ್ತ ಬರಬೇಕು. ಸಂಬಂಧವೇನು? ಆ ಸರ್ವರ್ ಒಡೆಯನೋ, ಗುಂಪಿನವನೋ, ಇತರನೋ ಎಂಬುದನ್ನು ನಿರ್ಣಯಿಸಬೇಕು. ಪ್ರಯೋಜನವೇನು? ಓದುವುದಷ್ಟೇ ಆದರೆ ಬರೆಯುವ ಅನುಮತಿ ಬೇಡ. ಚಿತ್ರಗಳನ್ನು ಸೇರಿಸುವ ಕೋಶವೊಂದಿದ್ದರೆ ಅದೊಂದಕ್ಕೆ ಮಾತ್ರ ಬರೆಯುವ ಅನುಮತಿ ಸಾಕು. ಈ ನಾಲ್ಕಕ್ಕೂ ಉತ್ತರ ಸರಿಯಾಗಿದ್ದು ತೊಡಕು ಉಳಿದರೆ, ಫೆಡೋರಾದಂಥ ವ್ಯವಸ್ಥೆಗಳಲ್ಲಿ ಎಸ್‌ಇ-ಲಿನಕ್ಸ್ ಎಂಬ ಎರಡನೆಯ ಕಾವಲುಗಾರನು ಕಡತದ ಮೇಲಣ ಗುರುತನ್ನು ಒಪ್ಪಿಲ್ಲವೆಂದು ಶಂಕಿಸಬೇಕು. ಆಗ ಗುರುತನ್ನು ತಿದ್ದಬೇಕೇ ಹೊರತು ಕಾವಲುಗಾರನನ್ನು ಮಲಗಿಸಬಾರದು.

ಸಣ್ಣ ಶಾಲೆಯ ಯಂತ್ರವನ್ನು ಯಾರು ಮುಟ್ಟುತ್ತಾರೆ, ಇಷ್ಟು ವಿಚಾರಕ್ಕೆ ವೇಳೆಯೆಲ್ಲಿ ಎಂಬ ಆಕ್ಷೇಪವುಂಟು. ಜಾಲಕ್ಕೆ ಸೇರದ ಅಭ್ಯಾಸಯಂತ್ರದ ಮಟ್ಟಿಗೆ ಇದನ್ನು ಒಪ್ಪಬಹುದು. ಜಾಲಕ್ಕೆ ಸೇರಿದ ಯಂತ್ರವನ್ನಾದರೋ ತಡಕುವವು ಬಹುಪಾಲು ಸ್ವಯಂಚಾಲಿತ ತಂತ್ರಾಂಶಗಳು; ಅವು ಸಂಸ್ಥೆಯ ಗಾತ್ರವನ್ನು ವಿಚಾರಿಸುವುದಿಲ್ಲ. ಸರ್ವರಿನಲ್ಲಿ ಒಂದು ಬಿರುಕು ಸಿಕ್ಕರೆ, 777ರ ಕೋಶದಲ್ಲಿರುವ ಕಡತಗಳನ್ನು ಒಡೆಯನ ಅಪ್ಪಣೆಯಿಲ್ಲದೆ ಅಳಿಸಬಹುದು, ಬದಲಿಸಬಹುದು. ಅಲ್ಲಿರುವುದು ಮಕ್ಕಳ ಅಂಕಪಟ್ಟಿಯಾಗಿದ್ದರೆ, ಪೋಷಕರ ವಿಳಾಸ ದೂರವಾಣಿಗಳಾಗಿದ್ದರೆ, ಆ ನಷ್ಟವನ್ನು ತುಂಬಿಕೊಡುವವರು ಯಾರು? ಪೋಷಕರು ಆ ವಿವರಗಳನ್ನು ಶಾಲೆಯನ್ನು ನಂಬಿ ಕೊಟ್ಟಿರುತ್ತಾರೆ. ಅರ್ಧ ದಿನದ ಶ್ರಮವನ್ನು ಉಳಿಸಲು ಆ ನಂಬಿಕೆಯನ್ನು ಒತ್ತೆಯಿಡುವ ಹಕ್ಕು ಯಾರಿಗೂ ಇಲ್ಲ.

ಪ್ರತಿಯೊಬ್ಬ ಬಳಕೆದಾರನೂ ಪ್ರತಿಯೊಂದು ತಂತ್ರಾಂಶವೂ ತನ್ನ ಕಾರ್ಯಕ್ಕೆ ಬೇಕಾದ ಕನಿಷ್ಠ ಅಧಿಕಾರದಿಂದಲೇ ನಡೆಯಬೇಕೆಂಬ ತತ್ತ್ವವನ್ನು 1975ರಲ್ಲಿ ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು ತಮ್ಮ ಲೇಖನವೊಂದರಲ್ಲಿ ಸ್ಪಷ್ಟವಾಗಿ ನಿರೂಪಿಸಿದರು. ಶರಣರ ನಾಡಿನವರಿಗೆ ಇದು ಅಪರಿಚಿತವಾದ ಮಾತಲ್ಲ. ಭಂಡಾರಿಯಾಗಿದ್ದ ಬಸವಣ್ಣನವರ ಪರಂಪರೆಯಲ್ಲಿ ಬೆಳೆದವರಿಗೆ ಭಂಡಾರದ ಬೀಗದ ಕೈಯೆಂದರೆ ಹೊಣೆಯೇ ಹೊರತು ಒಡೆತನವಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತನ್ನ ಕಾಯಕಕ್ಕೆ ಬೇಕಾದಷ್ಟನ್ನು ಮಾತ್ರ ಕೈಯಲ್ಲಿಟ್ಟುಕೊಳ್ಳುವುದೇ ಅಲ್ಲಿಯ ರೀತಿ.

ಅನುಮತಿ ಇಲ್ಲವೆಂಬ ಉತ್ತರವನ್ನು ಯಂತ್ರದ ಮೊಂಡುತನವೆಂದು ಬಗೆಯದೆ, ಕಾವಲುಗಾರನು ಕೇಳಿದ ಪ್ರಶ್ನೆಯೆಂದು ಭಾವಿಸಿ ಸಮಾಧಾನದಿಂದ ಉತ್ತರಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು. ಬಾಗಿಲು ಯಾರಿಗೆ, ಎಷ್ಟು, ಏಕೆ ತೆರೆಯಬೇಕೆಂಬುದನ್ನು ಅರಿತವರ ಕೈಯಲ್ಲಿ ಶಾಲೆಗಳ ಭಂಡಾರ ಸುರಕ್ಷಿತವಾಗಿರುವುದರಲ್ಲಿ ಸಂದೇಹವಿಲ್ಲ.